ಎಪ್ಪತ್ತೇ ಅಕ್ಷರದಲ್ಲಿ ಡೇರಿ ಮೆಸೇಜು, ಅದೂ ಕನ್ನಡದಲ್ಲೇ

ನಮ್ಮೂರ ಹಾಲಿನ ಡೇರಿಯ ಸುಮಾರು 400 ರೈತರಿಗೆ ಈಗ ದಿನಕ್ಕೆ ಎರಡು ಹೊತ್ತು ಹಾಲಿನ ಲೆಕ್ಕದ ಎಸ್‌ಎಂಎಸ್ ಹೋಗುತ್ತಿದೆ. ಕನ್ನಡದಲ್ಲಿ, ಒಂದೇ ಕ್ರೆಡಿಟ್‌ನಲ್ಲಿ, ಅಂದರೆ ಒಂದೇ ಮೆಸೇಜಿನ ದುಡ್ಡಲ್ಲಿ. "ಕನ್ನಡ ಅಂದ್ರೆ ಡಬಲ್ ಕಾಸು, ಇಂಗ್ಲಿಷಲ್ಲೇ ಹಾಕಿ" ಅಂದವರೇ ಈಗ ಫೋನ್ ಮಾಡುತ್ತಿದ್ದಾರೆ.

ಹೀಗೆ ಒಟ್ಟಿಗೆ ಮೆಸೇಜು ಕಳಿಸುವವರು ಟೆಲಿಕಾಂ ಕಂಪನಿಯಲ್ಲಿ ಮಾಡಿಸಬೇಕಾದ ಡಿಎಲ್‌ಟಿ ನೋಂದಣಿಗೆ 5,900 ರೂಪಾಯಿ ಹೋಯಿತು. ಸುಮ್ನೆ ಹಾಲು ಅಂತ ಅರ್ಥ ಬರುವ ಆರಕ್ಷರದ ಹೆಡರ್ (ಕಳಿಸಿದವರ ಹೆಸರಾಗಿ ಫೋನಿನಲ್ಲಿ ಕಾಣುವುದು) ಕೇಳಿದೆ, ವಾಪಸ್ ಬಂತು. ಸಂಘದ ಹೆಸರಿಗೆ ಹೊಂದುವಂಥದ್ದು ಕೊಟ್ಟ ಮೇಲೆ ಸಿಕ್ಕಿತು. ಮೊದಲೇ ಒಪ್ಪಿಗೆ ಪಡೆಯಬೇಕಾದ ಮೆಸೇಜಿನ ಮಾದರಿ, ಅದೇ ಟೆಂಪ್ಲೇಟ್, ಮೂರು ಸಲ ರಿಜೆಕ್ಟ್. ಒಮ್ಮೆ ಸಂಘದ ಹೆಸರೇ ಇರಲಿಲ್ಲ, ತಪ್ಪು ನನ್ನದೇ.

ನಿಜವಾದ ಪೆಟ್ಟು ಬಿದ್ದದ್ದು ಅಪ್ರೂವ್ ಆದಮೇಲೆ. ಎಸ್‌ಎಂಎಸ್ ಕಳಿಸುವ ಪ್ಯಾನೆಲ್‌ನಲ್ಲಿ ಕಾಸು ಕಟ್, ರೈತರ ಫೋನಿಗೆ ಏನೂ ಇಲ್ಲ. ನಾಲ್ಕು ದಿನ, ಆರು ಸಾವಿರದಷ್ಟು ಕ್ರೆಡಿಟ್ ನೀರುಪಾಲು. ಕ್ರೆಡಿಟ್ ಮಾರಿದವನು "ನಿಮ್ಮ ಕಡೆ ನೋಡ್ಕೊಳ್ಳಿ ಸಾರ್" ಅಂದ. ನೋಡಿದರೆ ನನ್ನ ಪ್ರೋಗ್ರಾಮ್ ಕಾಮಾ ಆದಮೇಲೆ ಎರಡು ಸ್ಪೇಸ್ ಬಿಡುತ್ತಿತ್ತು. ಟೆಂಪ್ಲೇಟ್‌ನಲ್ಲಿ ಇದ್ದದ್ದು ಒಂದೇ! ಅಷ್ಟು ಹೊಂದದಿದ್ದರೂ ಮೆಸೇಜು ಅಲ್ಲೇ ನಿಲ್ಲುತ್ತದೆ.

ಇನ್ನು 70ರ ಲೆಕ್ಕ. ಕನ್ನಡದ ಮೆಸೇಜು ಒಂದು ಕ್ರೆಡಿಟ್‌ನಲ್ಲಿ ಹಿಡಿಯುವುದು 70 ಅಕ್ಷರ, ದಾಟಿದರೆ ಎರಡು ಕ್ರೆಡಿಟ್. ನಮ್ಮ ಕಣ್ಣಿಗೆ 'ಸ್ಯ' ಒಂದಕ್ಷರ, ಎಸ್‌ಎಂಎಸ್‌ಗೆ ಮೂರು. 'ಮಾನ್ಯ ಸದಸ್ಯರೇ' ಒಂದೇ 13 ತಿನ್ನುತ್ತದೆ. ಕಿತ್ತೆಸೆದೆ. 'ಸಂಗ್ರಹಿಸಲಾಗಿದೆ'ಗೆ 14, 'ಬಂತು'ಗೆ ನಾಲ್ಕು. ಒತ್ತಕ್ಷರ ಕಡಿಮೆಯಾದಷ್ಟೂ ದುಡ್ಡು ಉಳಿಯುತ್ತದೆ, ಮಾತೂ ಮನೆ ಮಾತಾಗುತ್ತದೆ. ಒಂದು ಮಾತು: ಲೆಕ್ಕ ಹಾಕುವಾಗ ಎರಡು ಲೀಟರ್ ಹಾಕುವವರನ್ನು ನೋಡಬೇಡಿ. ನಮ್ಮಲ್ಲಿ 30 ಲೀಟರ್ ದಾಟಿಸುವ ಒಬ್ಬರಿದ್ದಾರೆ, ಅಂಕಿ ಹೆಚ್ಚಾಗಿ ಅವರ ಮೆಸೇಜು 71 ಆಗಿ ತಿಂಗಳಿಡೀ ಎರಡು ಕ್ರೆಡಿಟ್ ನುಂಗಿತ್ತು. ಸಂಘದ ಉದ್ದ ಹೆಸರನ್ನು ಹೇಗೆ ಕೂರಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಮಧ್ಯೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೂ ನೋಡಿದೆ. 160 ಹಿಡಿಯುತ್ತದೆ ಅಲ್ವಾ ಅಂತ. ವಯಸ್ಸಾದವರು ಓದಲಿಲ್ಲ. ಜೊತೆಗೆ ಒಂದು ₹ ಚಿಹ್ನೆ ಹಾಕಿದ್ದಕ್ಕೆ ಇಡೀ ಮೆಸೇಜು ಯುನಿಕೋಡ್ (ಕನ್ನಡ ಮೆಸೇಜಿನ ಲೆಕ್ಕವೇ) ಆಗಿ ಮತ್ತೆ 70ಕ್ಕೇ ಬಂದು ನಿಂತಿತು. ಪಾಸ್‌ಬುಕ್ ಲಿಂಕ್ ಕೂಡ ಸೇರಿಸಿದ್ದೆ. 2024ರ ಅಕ್ಟೋಬರ್‌ನಿಂದ ವೈಟ್‌ಲಿಸ್ಟ್ ಮಾಡದ, ಅಂದರೆ ಮೊದಲೇ ನೋಂದಾಯಿಸದ ಲಿಂಕ್ ಇದ್ದರೆ ಮೆಸೇಜೇ ಹೋಗಲ್ಲ, ಅಲ್ಲಿಗೆ ಅದನ್ನೂ ಬಿಟ್ಟೆ.

ಕ್ರೆಡಿಟ್‌ಗೆ ಹತ್ತಿರ ಹತ್ತಿರ 20 ಪೈಸೆ. ತಿಂಗಳಿಗೆ 9,600 ಆಗುತ್ತಿದ್ದದ್ದು ಈಗ 4,800ರ ಆಸುಪಾಸು.

ಈಚೆಗೆ ಹೆಡರ್ ಕೊನೆಗೆ 'ಎಸ್' ಅಂತ ಬರುತ್ತದಲ್ಲ, ಸರ್ವೀಸ್ ಅಂತ. ಮೊನ್ನೆ ಒಬ್ಬರು ಅಜ್ಜ "ಎಸ್ ಅಂದ್ರೆ ಸೊಸೈಟಿನಾ ಸಾರ್?" ಅಂದರು. ಹೂಂ ಅಂದೆ.