ಮಳೆಗಾಲದ ಮನೆಯೊಳಗಿನ ಪ್ಲಾಸ್ಟಿಕ್ ಧೂಳು: ಕಡಿಮೆ ಮಾಡುವುದು ಹೇಗೆ?

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಕಿಟಕಿ ತೆರೆಯುವ ಮಾತಿಲ್ಲ. ಬಟ್ಟೆ ಒಣಗುವುದು ನಡುಮನೆಯ ಹಗ್ಗದ ಮೇಲೆ. ಅದು ಒಣಗಲೆಂದು ಫ್ಯಾನು ಹಗಲೂ ರಾತ್ರಿ ತಿರುಗುತ್ತದೆ. ಮೈಕ್ರೊಪ್ಲಾಸ್ಟಿಕ್ ಎಂದರೆ ಸಮುದ್ರದ, ಮೀನಿನ ಸಮಾಚಾರ ಎಂದುಕೊಂಡವರು ಈ ನಡುಮನೆಯನ್ನೊಮ್ಮೆ ನೋಡಬೇಕು. 5 ಮಿಲಿಮೀಟರ್‌ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರಿಗೆಲ್ಲ ಅದೇ ಹೆಸರು. ಮನೆಯೊಳಗೆ ಅದು ಹೆಚ್ಚಾಗಿ ಇರುವುದು ಬಟ್ಟೆ, ರಗ್ಗು, ಪರದೆಗಳಿಂದ ಉದುರಿದ ಎಳೆಯ ರೂಪದಲ್ಲಿ. ಪ್ಯಾರಿಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೊರಗಿನ ಗಾಳಿಯಲ್ಲಿ ಘನ ಮೀಟರಿಗೆ ಹೆಚ್ಚೆಂದರೆ 1.5 ಎಳೆ ಸಿಕ್ಕಿದರೆ, ಮನೆ ಮತ್ತು ಕಚೇರಿಯ ಒಳಗೆ 60ರವರೆಗೂ ಸಿಕ್ಕಿದ್ದವು. ಒಳಗಿನ ಎಳೆಗಳಲ್ಲಿ ಮೂರರಲ್ಲೊಂದು ಪಾಲು ಪ್ಲಾಸ್ಟಿಕ್ಕಿನದು, ಉಳಿದವು ಹತ್ತಿಯಂಥವು.

ಮನುಷ್ಯರ ರಕ್ತದಲ್ಲೂ ಶ್ವಾಸಕೋಶದಲ್ಲೂ ಇಂಥ ಚೂರುಗಳು ಸಿಕ್ಕಿವೆ ಎಂಬ ವರದಿಗಳು 2022ರಲ್ಲಿ ಬಂದವು. ಅದರಿಂದ ಆಗುವ ಕೇಡು ಎಷ್ಟು ಎಂಬುದು ವಿಜ್ಞಾನಿಗಳ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಹಾಗಾಗಿ ಹೆದರಿ ಮನೆಯ ಡಬ್ಬಗಳನ್ನೆಲ್ಲ ತಿಪ್ಪೆಗೆ ಎಸೆಯುವುದು ಬೇಡ. ಎಸೆದದ್ದೂ ಅಲ್ಲೇ ಚೂರಾಗುತ್ತದೆ.

ಮೊದಲು ಮೂಲ ಹುಡುಕಿ

ಹೊದಿಕೆ, ಪರದೆ, ಸೋಫಾ ಬಟ್ಟೆಯ ಅಂಚಿನಿಂದ ಒಂದೊಂದು ದಾರ ಕಿತ್ತುಕೊಳ್ಳಿ. ಇಕ್ಕಳದಲ್ಲಿ ಹಿಡಿದು ದೀಪದ ಕುಡಿಗೆ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್, ನೈಲಾನ್ ಆದರೆ ದಾರ ಮುದುಡಿ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಮಣಿ ಕಟ್ಟಿದ್ದರ ಪಟ್ಟಿ ಮಾಡಿದರೆ ಯಾವುದರ ಮೇಲೆ ಕಣ್ಣಿಡಬೇಕೆಂದು ಗೊತ್ತಾಗುತ್ತದೆ. ಅಟ್ಟದಲ್ಲಿ ನುಸಿಗುಳಿಗೆಯ ಜೊತೆ ಮಲಗಿರುವ ಅಜ್ಜನ ಕರಿ ಕಂಬಳಿಗೆ ಈ ಪರೀಕ್ಷೆಯಲ್ಲಿ ಪೂರ್ತಿ ಅಂಕ.

ಬಾಗಿಲ ಬಳಿಯೂ ಬಗ್ಗಿ ನೋಡಿ. ಗೊಬ್ಬರದ ಬಿಳಿ ಚೀಲವನ್ನೇ ಕಾಲೊರೆಸಲು ಹಾಕುವುದು ನಮ್ಮ ಕಡೆ ಮಾಮೂಲು. ದಿನಾ ಕೆಸರುಗಾಲಲ್ಲಿ ಉಜ್ಜಿದ ಆ ಚೀಲದ ಅಂಚು ಬಿಟ್ಟು ಸಿಂಬೆ ಸಿಂಬೆಯಾಗಿ ಎಳೆ ಬರುತ್ತದೆ. ಅದರ ಜಾಗಕ್ಕೆ ಸೆಣಬಿನ ಗೋಣಿ ಬರಲಿ. ಇನ್ನು ಕಾಫಿ, ಮೆಣಸು ಒಣಗಿಸಿದ ನೀಲಿ ಟಾರ್ಪಾಲು. ಬಿಸಿಲು ತಿಂದ ಟಾರ್ಪಾಲನ್ನು ಉಗುರಲ್ಲಿ ಕೆರೆದರೆ ನೀಲಿ ಹುಡಿ ಕೈಗೆ ಹತ್ತುತ್ತದೆ. ಮಡಚಿದ ಗೆರೆಯಲ್ಲಂತೂ ಪುಡಿಪುಡಿ. ಕಣದಲ್ಲೇ ಕೊಡವಿ, ಗೋದಾಮಿನಲ್ಲಿಡಿ. ಮಲಗುವ ಕೋಣೆಯ ಮೇಲಿನ ಅಟ್ಟಕ್ಕಂತೂ ಬೇಡ.

ಗುಡಿಸುವ ಕ್ರಮ

ಒಣಪೊರಕೆಯಲ್ಲಿ ಬೀಸಿ ಗುಡಿಸಿದರೆ ಕೂತ ಧೂಳು ಎದ್ದು ಮೂಗಿನ ಎತ್ತರಕ್ಕೆ ಬರುತ್ತದೆ. ಮೇಲಿನಿಂದ ಶುರು ಮಾಡಿ. ಫ್ಯಾನಿನ ರೆಕ್ಕೆಗೆ ಒದ್ದೆ ಬಟ್ಟೆ ಸುತ್ತಿ ಎಳೆಯಿರಿ, ಆಮೇಲೆ ಕಪಾಟು, ಕಿಟಕಿ ದಂಡೆ. ಧೂಳು ಕೂರಲು ಅರ್ಧ ಗಂಟೆ ಬಿಟ್ಟು ನೆಲಕ್ಕೆ ಬನ್ನಿ. ಮೊದಲು ಹಿಂಡಿದ ಬಟ್ಟೆಯಲ್ಲಿ ಒರೆಸಿ, ಮೂಲೆಗೆ ಸೇರಿದ್ದನ್ನು ಕೈಯಲ್ಲೇ ಎತ್ತಿ ಕಸದ ಬುಟ್ಟಿಗೆ ಹಾಕಿ. ಒರೆಸಲು ಹಳೆಯ ಪಂಚೆಯೇ ಸಾಕು. ಅಂಗಡಿಯ ಮೈಕ್ರೊಫೈಬರ್ ಬಟ್ಟೆ ಸ್ವತಃ ಪಾಲಿಯೆಸ್ಟರ್! ಅಂಬೆಗಾಲಿಡುವ ಮಗು ಇದ್ದರೆ ನೆಲ ದಿನಾ ಒರೆಸಿ. ನೆಲ ಮುಟ್ಟಿದ ಕೈ ಮರುಕ್ಷಣ ಬಾಯಲ್ಲಿರುತ್ತದೆ. ಮಳೆ ಹೊಳವಾದಾಗ ಎದುರುಬದುರಿನ ಕಿಟಕಿ ಎರಡನ್ನೂ ತೆರೆದಿಡಿ.

ಬಟ್ಟೆ ಒಗೆಯುವಾಗ

ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದಂತೆ 6 ಕೆ.ಜಿ. ಅಕ್ರಿಲಿಕ್ ಬಟ್ಟೆ ಒಂದು ಸಲ ಒಗೆದರೆ 7 ಲಕ್ಷಕ್ಕೂ ಹೆಚ್ಚು ಎಳೆ ಬಿಡಬಹುದು. ಸ್ವೆಟರ್, ಮೆತ್ತನೆ ರಗ್ಗುಗಳನ್ನು ಕೊಳೆಯಾದಾಗ ಮಾತ್ರ ಒಗೆಯಿರಿ. ತಣ್ಣೀರು, ಚಿಕ್ಕ ಸೈಕಲ್, ತುಂಬಿದ ಮಷಿನ್ ಇರಲಿ. ಮಷಿನ್ನಿನ ಜಾಳಿಗೆಯಲ್ಲಿ ಸಿಕ್ಕ ನಯವಾದ ಬೂದುಬಣ್ಣದ ಉಂಡೆಯನ್ನು ನಲ್ಲಿಯಡಿ ತೊಳೆದರೆ ಹಿಡಿದದ್ದೆಲ್ಲ ಚರಂಡಿಗೆ ಬಿಟ್ಟಂತೆ. ಬೆರಳಲ್ಲಿ ಕಿತ್ತು ಕಸಕ್ಕೆ ಹಾಕಿ. ಒಣಗಿದ ಬಟ್ಟೆಯನ್ನು ಜಗಲಿಗೆ ತಂದು ಕೊಡವಿ.

ಅಡುಗೆಮನೆಯಲ್ಲಿ ಬಿಸಿಯೇ ಮುಖ್ಯ

ಅಕ್ಕಿ, ಬೇಳೆಯ ಡಬ್ಬ ಹಾಗೇ ಇರಲಿ. ಬಿಸಿ ಮುಟ್ಟುವುದನ್ನಷ್ಟೇ ಬದಲಿಸಿ. ಖರಗಪುರ ಐಐಟಿಯವರು 2021ರಲ್ಲಿ ತೋರಿಸಿದಂತೆ, ಕಾಗದದ ಲೋಟದಲ್ಲಿ 100 ಮಿ.ಲೀ. ಬಿಸಿ ಪಾನೀಯ ಕಾಲು ಗಂಟೆ ಇದ್ದರೆ ಒಳಪದರದಿಂದ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಡುತ್ತವೆ. ಕಾಫಿಗೆ ಸ್ಟೀಲ್ ಲೋಟವೇ ಸರಿ, ರುಚಿಗೂ ಅದೇ. ಡಿಕಾಕ್ಷನ್ ಇಳಿಯುವ ಫಿಲ್ಟರೂ ಸ್ಟೀಲೋ ಹಿತ್ತಾಳೆಯದೋ ಇರಲಿ. ಇಡ್ಲಿ ತಟ್ಟೆಗೆ ಹತ್ತಿ ಬಟ್ಟೆ ಹಾಸಿ. ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದನ್ನು ರಾಜ್ಯ ಸರ್ಕಾರ 2025ರಲ್ಲಿ ನಿಷೇಧಿಸಿದ್ದು ಸುಮ್ಮನಲ್ಲ.

ಕುಡಿಯುವ ನೀರಿನ ವಿಷಯದಲ್ಲಿ ಮಲೆನಾಡಿಗೂ ಬಯಲುಸೀಮೆಗೂ ವ್ಯತ್ಯಾಸವಿದೆ. ಗಡಸು ನೀರನ್ನು ಕುದಿಸಿದಾಗ ಸುಣ್ಣ ಗರಣೆಗಟ್ಟಿ, ಪ್ಲಾಸ್ಟಿಕ್ ಕಣಗಳನ್ನೂ ಒಳಗೆ ಸೇರಿಸಿಕೊಂಡು ತಳಕ್ಕೆ ಇಳಿಯುತ್ತದೆ. 2024ರ ಚೀನಾದ ಅಧ್ಯಯನದಲ್ಲಿ ತುಂಬ ಗಡಸು ನೀರಿನಿಂದ 90%ರವರೆಗೆ ಕಣ ಹೋದವು, ಮೆದು ನೀರಿನಿಂದ ಸುಮಾರು 25% ಮಾತ್ರ. ಪಾತ್ರೆಗೆ ಬಿಳಿ ಕರೆ ಕಟ್ಟುವ ಅರಸೀಕೆರೆ, ಕಡೂರಿನ ಬೋರ್‌ವೆಲ್ ನೀರಿಗೆ ಇದು ಒಳ್ಳೆಯ ಉಪಾಯ: ಐದು ನಿಮಿಷ ಕುದಿಸಿ, ತಣಿಸಿ, ಸೋಸಿ. ಹಳ್ಳದ ಮೆದು ನೀರಿನವರು ಕುದಿಸಬೇಕಾದದ್ದು ರೋಗಾಣುಗಳ ಭಯಕ್ಕೆ. ಪ್ಲಾಸ್ಟಿಕ್‌ಗೆ ಅದರಿಂದ ದೊಡ್ಡ ಉಪಯೋಗವಿಲ್ಲ.

ಕೊನೆಗೆ ಬಚ್ಚಲ ಒಲೆ. ಮಳೆಗೆ ಸೌದೆ ಹಸಿಯಾಗಿರುತ್ತದೆ, ಹಂಡೆ ಕಾಯಿಸಲು ಹಾಲಿನ ಕವರ್ ಹಚ್ಚಿ ಒಲೆಗೆ ತುರುಕುವುದು ಎಲ್ಲ ಮನೆಯಲ್ಲೂ ಉಂಟು. ಕರಗಿ ತೊಟ್ಟಿಕ್ಕುವ ಪ್ಲಾಸ್ಟಿಕ್ಕಿನ ಹೊಗೆ ಧೂಳಿಗಿಂತ ಕೆಟ್ಟದ್ದು, ಬೂದಿಯಲ್ಲೂ ಅದರ ಚೂರು ಉಳಿಯುತ್ತದೆ. ಆ ಬೂದಿಯೇ ಆಮೇಲೆ ತರಕಾರಿ ಮಡಿಗೆ ಹೋಗುತ್ತದೆ. ಬೇಸಿಗೆಯಲ್ಲೇ ಒಂದು ಗೋಣಿಚೀಲದ ತುಂಬ ತೆಂಗಿನ ಗರಿ, ಒಣ ಅಡಿಕೆ ಹಾಳೆ ಕೂಡಿಟ್ಟು ಒಲೆಯ ಪಕ್ಕ ಬೆಚ್ಚಗಿಡಿ. ಕವರು ತೊಳೆದು ಒಣಗಿಸಿ ಒಣಕಸದ ಗಾಡಿಗೆ ಕೊಡಿ.