ಸೇಶೆಲ್ಸ್‌ನಲ್ಲಿ ವಿಲ್ಲಾ, ಹಾಯಿದೋಣಿ: ಮೊದಲು ಗಾಳಿ ನೋಡಿ, ಆಮೇಲೆ ಮುಂಗಡ ಕೊಡಿ

ಜೂನ್‌ನಲ್ಲಿ ಕೊಡಗಿನ ಭಾಗಮಂಡಲಕ್ಕೆ ಮಳೆ ತರುವ ಗಾಳಿ ಹೊರಡುವುದು ಸಮಭಾಜಕ ವೃತ್ತದ ಆಚೆಯಿಂದ. ಅಲ್ಲಿ ಅದು ಆಗ್ನೇಯದಿಂದ ಬೀಸುತ್ತದೆ. ವೃತ್ತ ದಾಟಿದ ಮೇಲೆ ತಿರುಗಿ, ನೈಋತ್ಯ ಮುಂಗಾರಾಗಿ ನಮ್ಮ ಘಟ್ಟಕ್ಕೆ ಬಡಿಯುತ್ತದೆ. ಸಮಭಾಜಕದಿಂದ ನಾಲ್ಕು ಡಿಗ್ರಿ ದಕ್ಷಿಣಕ್ಕಿರುವ ಸೇಶೆಲ್ಸ್‌ನ ಮಾಹೆ, ಪ್ರಾಸ್ಲಿನ್, ಲಾ ಡೀಗ್ ದ್ವೀಪಗಳು ಈ ಗಾಳಿಯ ದಾರಿಯಲ್ಲೇ ಇವೆ. (ತಲಶ್ಶೇರಿ ಹತ್ತಿರದ ಮಾಹೆ ಬೇರೆ.) ಕಕ್ಕಡದ (ಆಟಿ ತಿಂಗಳ) ಮಳೆಯಿಂದ ತಪ್ಪಿಸಿಕೊಳ್ಳಲು ಜುಲೈಯಲ್ಲಿ ಅಲ್ಲಿಗೆ ಹೋದರೆ ಮಳೆ ಕಡಿಮೆ, ನಿಜ. ಆದರೆ ಕಡಲು ಒರಟು.

ಹಾಗಾಗಿ ಮೊದಲ ಹೆಜ್ಜೆ ತಿಂಗಳು ಗೊತ್ತು ಮಾಡುವುದು. ಮೇಯಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯ ಗಾಳಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯ ಗಾಳಿ ಮತ್ತು ಹೆಚ್ಚು ಮಳೆ. ನಡುವಿನ ಏಪ್ರಿಲ್ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಗಾಳಿ ದಿಕ್ಕು ಬದಲಿಸುವುದರಿಂದ ಕಡಲು ಶಾಂತವಾಗಿರುತ್ತದೆ. ಕಾಫಿ ಬೆಳೆಗಾರರಿಗೆ ಇದು ಹೇಳಿ ಮಾಡಿಸಿದ ಲೆಕ್ಕ: ಹೂಮಳೆಯೂ ರೊಬಸ್ಟಾ ಕೊಯ್ಲೂ ಮುಗಿದ ಏಪ್ರಿಲ್ ಕೊನೆ, ಇಲ್ಲವೇ ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಮುಗಿಸಿ ಹೊರಟು ಅರೇಬಿಕಾ ಹಣ್ಣಾಗುವ ಮೊದಲು ಮರಳುವ ಹತ್ತು ರಾತ್ರಿ. ಎಂಜಿನ್ ನಿಲ್ಲಿಸಿ ಹಾಯಿಯಲ್ಲೇ ಓಡಬೇಕೆಂಬ ಆಸೆಯಿದ್ದರೆ ಅಕ್ಟೋಬರ್ ಮೇಲು. ಏಪ್ರಿಲ್‌ನಲ್ಲಿ ಎಷ್ಟೋ ದಿನ ಗಾಳಿಯೇ ಸಾಲದು.

ವಿಲ್ಲಾ ಆರಿಸುವಾಗ ಈಜುಕೊಳದ ಫೋಟೋಗಿಂತ ನಕಾಶೆಯನ್ನು ಹೆಚ್ಚು ಹೊತ್ತು ನೋಡಿ. ಮನೆ ದ್ವೀಪದ ಯಾವ ಮಗ್ಗುಲಲ್ಲಿದೆ? ಆಗ್ನೇಯ ಗಾಳಿಯ ಕಾಲದಲ್ಲಿ ಲಾ ಡೀಗ್‌ನ ಗ್ರಾಂಡ್ ಆನ್ಸ್‌ನಂಥ ಕಡಲತೀರದಲ್ಲಿ ಅಲೆಯೂ ಸೆಳೆತವೂ ಜೋರು, ಈಜುವುದು ಅಪಾಯ. ಆಗ ಮಾಹೆಯ ವಾಯವ್ಯದ ಬೋ ವಲ್ಲೋನ್ ಶಾಂತ. ಜನವರಿಯಲ್ಲಿ ಇದು ತಿರುಗುಮುರುಗು. ಮಕ್ಕಳಿದ್ದರೆ ಪ್ರಾಸ್ಲಿನ್‌ನ ಕೋಟ್ ಡೋರ್ ತೀರ ಒಳ್ಳೆಯದು, ನೀರು ದೂರದವರೆಗೂ ಆಳವಿಲ್ಲ. ಮಾಲೀಕರಿಂದ ಬರವಣಿಗೆಯಲ್ಲಿ ಕೇಳಬೇಕಾದವು: ಬಾಡಿಗೆ ಇಡೀ ಮನೆಗೋ ತಲೆಗೋ, ತೆರಿಗೆ ಸೇರಿದೆಯೋ, ಅಡುಗೆಯವರ ಸಂಬಳ ಯಾರದು, ರದ್ದಾದರೆ ಎಷ್ಟು ವಾಪಸ್. ಗುಡ್ಡದ ಮೇಲಿನ ಮನೆಯಾದರೆ ಮೆಟ್ಟಿಲೆಷ್ಟೆಂದು ವಿಚಾರಿಸಿ. ಮಂಡಿನೋವಿನ ಹಿರಿಯರಿಗೆ ಆ ಚಂದದ ನೋಟವೇ ಶಿಕ್ಷೆಯಾಗುತ್ತದೆ.

ದೋಣಿ ಮೊದಲು, ವಿಲ್ಲಾ ನಂತರ ಇಟ್ಟುಕೊಳ್ಳಿ. ಮಾಹೆಯ ಈಡನ್ ಐಲ್ಯಾಂಡ್ ಮರೀನಾದಿಂದ ಹೊರಟು ನಾಲ್ಕು ರಾತ್ರಿ ಕಡಲಲ್ಲಿ, ಐದು ರಾತ್ರಿ ಪ್ರಾಸ್ಲಿನ್‌ನಲ್ಲಿ, ಕೊನೆಯ ರಾತ್ರಿ ಮತ್ತೆ ಮಾಹೆಯಲ್ಲಿ. ಕೊನೆಯ ದಿನ ಗಾಳಿ ಕೆಟ್ಟು ಫೆರ್ರಿ ನಿಂತರೂ ವಿಮಾನ ತಪ್ಪುವುದಿಲ್ಲ. ಎಂಟು ಜನರಿಗೆ ನಾಲ್ಕು ಕೋಣೆಯ 42-45 ಅಡಿ ಕ್ಯಾಟಮರಾನ್ (ಜೋಡಿ ಒಡಲಿನ ಹಾಯಿದೋಣಿ) ಎಂದು ಜಾಹೀರಾತು ಹೇಳುತ್ತದೆ. ಹಾಯಿ ನಡೆಸುವ ಪರವಾನಗಿ ನಿಮ್ಮಲ್ಲಿಲ್ಲದಿದ್ದರೆ ಸ್ಕಿಪ್ಪರ್ (ದೋಣಿ ನಡೆಸುವವರು) ಬೇಕೇ ಬೇಕು, ಅವರಿಗೂ ಮಲಗಲು ಜಾಗ ಬೇಕು. ಇದನ್ನು ಮರೆತವರು ಹಲವರು. ಆರೇ ಜನ ಹೋಗುವುದು ಸುಖ. ಸ್ಕಿಪ್ಪರ್ ಊಟ, ಡೀಸೆಲ್, ಸಾಗರ ಉದ್ಯಾನದ ಶುಲ್ಕ ಸಾಮಾನ್ಯವಾಗಿ ಬಾಡಿಗೆಯ ಹೊರಗೆ.

ಸಿಹಿನೀರಿನ ಟ್ಯಾಂಕು ಸುಮಾರು 600-800 ಲೀಟರ್. ಎಂಟು ಜನ ತಲಾ 30 ಲೀಟರ್ ಬಳಸಿದರೆ ಮೂರೇ ದಿನದಲ್ಲಿ ಖಾಲಿ. ಸಮುದ್ರದ ನೀರಲ್ಲಿ ಮಿಂದು ಕೊನೆಗೊಂದು ಚೊಂಬು ಸಿಹಿನೀರು ಸುರಿದುಕೊಳ್ಳುವುದು ದೋಣಿಯ ಪದ್ಧತಿ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ, ದೋಣಿ ಹೊರಡುವ ಮೊದಲೇ ನುಂಗಬೇಕು. ತಲೆ ತಿರುಗಿದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲದು.

ಭಾರತೀಯರಿಗೆ ವೀಸಾ ಬೇಡ, ಆದರೆ ಹೊರಡುವ ಮುನ್ನ ಆನ್‌ಲೈನ್‌ನಲ್ಲಿ ಪ್ರವೇಶಾನುಮತಿ ಪಡೆಯಬೇಕು. ಅದಕ್ಕೆ ಮರುಪ್ರಯಾಣದ ಟಿಕೆಟ್ಟೂ ಉಳಿಯುವ ಜಾಗದ ದಾಖಲೆಯೂ ಸಿದ್ಧವಿರಲಿ. ಪ್ಲಗ್ಗು ಬ್ರಿಟಿಷ್ ಮಾದರಿಯ ಚೌಕ ಮೂರು ಪಿನ್ನಿನದು. ಅಕ್ಕಿ, ಬೇಳೆ, ತೆಂಗು, ಮೀನು ಅಲ್ಲೇ ಸಿಗುತ್ತವೆ. ತೋಟದ ಕಿತ್ತಳೆ, ಹಸಿ ಕಾಳುಮೆಣಸಿನ ಗೊನೆ, ಹಂದಿ ಮಾಂಸ ಒಯ್ಯಬೇಡಿ, ಜೈವಿಕ ತಪಾಸಣೆಯಲ್ಲಿ ಕಸಿದುಕೊಳ್ಳುತ್ತಾರೆ. ಬರುವಾಗಲೂ ಅಷ್ಟೇ: ಪ್ರಾಸ್ಲಿನ್‌ನ ವಾಲೇ ದ ಮೇ ಕಾಡಿನ, ಜೋಡಿ ತೆಂಗಿನಕಾಯಿಯಂತೆ ಕಾಣುವ ಕೊಕೊ ದ ಮೇರ್ ಕಾಯಿ ಕೊಂಡರೆ ಅದರ ಪರವಾನಗಿ ಚೀಟಿಯನ್ನೂ ಕೇಳಿ ಪಡೆದು ಪಾಸ್‌ಪೋರ್ಟ್ ಜೊತೆಗಿಡಿ.