ಸಂಗೀತದ ತರಗತಿಯ ಹಾಸ್ಯಚಿತ್ರಕ್ಕೆ ಚಿತ್ರಕಥೆ ಬರೆಯುವ ಬಗೆ

ಸೋತು ಕೈಚೆಲ್ಲಿದ ಮಕ್ಕಳ ತರಗತಿಗೆ ಹೊಸ ಶಿಕ್ಷಕರೊಬ್ಬರು ಬಂದು, ಹಾಡು ಕಲಿಸಿ, ಕೊನೆಗೆ ಅವರನ್ನು ವೇದಿಕೆ ಹತ್ತಿಸುವ ಕಥೆಯನ್ನು ಪ್ರೇಕ್ಷಕರು ಹಲವು ಸಲ ನೋಡಿದ್ದಾರೆ. ಆರಂಭದಲ್ಲೇ ಅಂತ್ಯವನ್ನು ಊಹಿಸಿಬಿಡುತ್ತಾರೆ. ಆದ್ದರಿಂದ ಅಂತ್ಯವನ್ನು ಬಚ್ಚಿಡಲು ಶ್ರಮಪಡಬೇಕಾಗಿಲ್ಲ. ಆ ಶ್ರಮ ಅಭ್ಯಾಸದ ದೃಶ್ಯಗಳಿಗೆ ಸಲ್ಲಲಿ. ಮಕ್ಕಳು ಬದಲಾದರು ಎಂಬುದನ್ನು ಪ್ರೇಕ್ಷಕರು ನಂಬುವುದು ಶಿಕ್ಷಕರ ಭಾಷಣದಿಂದಲ್ಲ, ನಿನ್ನೆ ಕೆಟ್ಟದಾಗಿ ಕೇಳಿಸಿದ ಹಾಡು ಇಂದು ತುಸು ನೆಟ್ಟಗೆ ಕೇಳಿಸುವುದರಿಂದ.

ಮೊದಲು ಶಿಕ್ಷಕರ ಪಾತ್ರವನ್ನು ಗಟ್ಟಿಮಾಡಿಕೊಳ್ಳಿ. ಅವರಿಗೆ ಸಂಗೀತ ಚೆನ್ನಾಗಿ ಗೊತ್ತಿರಬೇಕು, ಶಾಲೆ ನಡೆಯುವ ರೀತಿ ಮಾತ್ರ ಗೊತ್ತಿರಬಾರದು. 1993ರ ‘ಸಿಸ್ಟರ್ ಆ್ಯಕ್ಟ್ 2’ರಲ್ಲಿ ವೂಪಿ ಗೋಲ್ಡ್‌ಬರ್ಗ್ ಅವರದು ಮನರಂಜನಾ ವೇದಿಕೆಯ ಗಾಯಕಿಯ ಪಾತ್ರ, ಆಕೆ ಸನ್ಯಾಸಿನಿಯ ವೇಷದಲ್ಲಿ ತರಗತಿಗೆ ಬರುತ್ತಾಳೆ. 2003ರ ‘ಸ್ಕೂಲ್ ಆಫ್ ರಾಕ್’ನಲ್ಲಿ ಜ್ಯಾಕ್ ಬ್ಲ್ಯಾಕ್ ಅವರದು ತನ್ನದೇ ವಾದ್ಯತಂಡದಿಂದ ಹೊರಬಿದ್ದ ಗಿಟಾರ್ ವಾದಕನ ಪಾತ್ರ, ಅವನು ಗೆಳೆಯನ ಹೆಸರು ಹೇಳಿಕೊಂಡು ಬದಲಿ ಶಿಕ್ಷಕನಾಗುತ್ತಾನೆ. ವೇಷ ಕಳಚೀತೆಂಬ ಭಯವೇ ಇಂಥ ಕಥೆಗೆ ಅರ್ಧ ಹಾಸ್ಯವನ್ನು ಪುಕ್ಕಟೆಯಾಗಿ ಒದಗಿಸುತ್ತದೆ. ಶಿಕ್ಷಕರಿಗೆ ಸಂಗೀತವೂ ಬಾರದು ಎಂದು ಬರೆದರೆ ಇನ್ನಷ್ಟು ನಗು ಸಿಗಬಹುದು, ಆದರೆ ಮಕ್ಕಳು ಅವರಿಂದ ಕಲಿತದ್ದೇನು ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಮಕ್ಕಳ ತೊಂದರೆಯನ್ನು ಆರಿಸುವಾಗ ಹೆಚ್ಚು ಎಚ್ಚರ ಬೇಕು. ಹಾಡು ಕಲಿತ ಕೂಡಲೇ ಗಣಿತದಲ್ಲಿ ಹೆಚ್ಚು ಅಂಕ ಬಂತೆಂದು ತೋರಿಸಿದರೆ ಯಾರೂ ನಂಬುವುದಿಲ್ಲ. ಸಂಗೀತ ನಿಜಕ್ಕೂ ಮುಟ್ಟಬಲ್ಲ ತೊಂದರೆಗಳು ಬೇರೆಯೇ ಇವೆ: ಗಟ್ಟಿಯಾಗಿ ಮಾತನಾಡಲು ಹೆದರುವುದು, ಇನ್ನೊಬ್ಬರ ಮಾತಿಗೆ ಕಿವಿಗೊಡದಿರುವುದು, ಯಾವ ಕೆಲಸವನ್ನೂ ಕೊನೆಮುಟ್ಟಿಸದಿರುವುದು, ತನ್ನನ್ನು ಯಾರೂ ಕಾಯುವುದಿಲ್ಲ ಎಂದು ಶಾಲೆ ತಪ್ಪಿಸುವುದು. ಒಬ್ಬೊಬ್ಬ ವಿದ್ಯಾರ್ಥಿಗೂ ಇಂಥದೊಂದು ತೊಂದರೆ ಕೊಟ್ಟು, ಅದಕ್ಕೆ ಎದುರು ನಿಲ್ಲುವ ಹೊಣೆಯನ್ನೇ ತಂಡದಲ್ಲಿ ಒಪ್ಪಿಸಿ. ಆತುರದ ಹುಡುಗನಿಗೆ ಡ್ರಮ್ ಕೊಟ್ಟರೆ ಅವನ ಆತುರ ಲಯದಲ್ಲೇ ಬಯಲಾಗುತ್ತದೆ, ಅದನ್ನು ಸಂಭಾಷಣೆಯಲ್ಲಿ ಹೇಳಬೇಕಾಗುವುದಿಲ್ಲ. ಬಡತನವಾಗಲಿ, ಕಡಿಮೆ ಅಂಕವಾಗಲಿ ಇರಲೇಬೇಕೆಂದಿಲ್ಲ. ‘ಸ್ಕೂಲ್ ಆಫ್ ರಾಕ್’ನ ಮಕ್ಕಳು ದುಬಾರಿ ಖಾಸಗಿ ಶಾಲೆಯವರು, ಅವರನ್ನು ಕಾಡುವುದು ಹಿರಿಯರ ನಿರೀಕ್ಷೆಯ ಭಾರ. ಇಡೀ ತರಗತಿಯ ಕಥೆ ಹೇಳಲು ಹೋಗದೆ ನಾಲ್ಕೈದು ಮಕ್ಕಳನ್ನು ಮಾತ್ರ ಹತ್ತಿರದಿಂದ ತೋರಿಸಿದರೆ ಸಾಕು.

ಇನ್ನು ಅಭ್ಯಾಸದ ದೃಶ್ಯಗಳು. ಚಿತ್ರದ ಮುಖ್ಯ ಹಾಡನ್ನು ಮೊದಲೇ ನಿರ್ಧರಿಸಿ, ಅದು ಕನಿಷ್ಠ ಮೂರು ಸಲ ಕೇಳಿಸುವಂತೆ ಕಥೆಯನ್ನು ಹೆಣೆಯಿರಿ: ಮೊದಲ ಸಲ ಮುರಿದು ಬಿದ್ದಂತೆ, ಎರಡನೆಯ ಸಲ ಒಂದು ಸಾಲು ಮಾತ್ರ ಸರಿಯಾಗಿ, ಕೊನೆಯ ಸಲ ಪೂರ್ತಿಯಾಗಿ. ಈ ಮೂರರಲ್ಲಿ ಎರಡನೆಯದೇ ಚಿತ್ರದ ಜೀವಾಳ ಎಂಬುದು ನನ್ನ ಅಭಿಪ್ರಾಯ. ಒಂದು ಸಾಲು ಸರಿಬಂದಾಗ ಮಕ್ಕಳೇ ಬೆರಗಾಗಿ ನಿಲ್ಲುವ ಆ ಗಳಿಗೆಯಲ್ಲಿ ಶಿಕ್ಷಕರ ಬಾಯಿಗೆ ಹೊಗಳಿಕೆಯ ಮಾತು ಹಾಕಬೇಡಿ. ‘ಮತ್ತೊಮ್ಮೆ’ ಎಂದು ಅವರು ಹೇಳಿದರೆ ಸಾಕಾಗುತ್ತದೆ. ಮೊದಲ ಸಲದ ಅಪಸ್ವರವನ್ನು ಬರೆಯುವುದಕ್ಕೂ ಒಂದು ಕ್ರಮವಿದೆ. ಎಲ್ಲರೂ ಎಲ್ಲ ರೀತಿಯಲ್ಲೂ ತಪ್ಪಿದರೆ ಕೇಳಿಸುವುದು ಬರೀ ಗದ್ದಲ, ಅದರಲ್ಲಿ ನಗು ಇರುವುದಿಲ್ಲ. ಉಳಿದವರೆಲ್ಲ ಸುಮಾರಾಗಿ ಹಾಡುತ್ತಿರುವಾಗ ಒಬ್ಬನು ಮಾತ್ರ ಪ್ರತಿ ಸಲವೂ ಒಂದು ಮಾತ್ರೆ ತಡವಾಗಿ ಬಂದರೆ ನಗು ಬರುತ್ತದೆ, ಅವನು ಸರಿಯಾದ ದಿನ ಪ್ರೇಕ್ಷಕರಿಗೆ ಅದು ತಾನಾಗಿಯೇ ಗೊತ್ತಾಗುತ್ತದೆ. ವಾರಗಳ ಅಭ್ಯಾಸವನ್ನು ಚುಟುಕು ಚಿತ್ರಿಕೆಗಳ ಸರಣಿಯಲ್ಲಿ ಮುಗಿಸುವ ಅಭ್ಯಾಸ ಈ ಬಗೆಯ ಚಿತ್ರಗಳಲ್ಲಿ ಬಹಳ ಇದೆ. ಅದನ್ನು ಒಮ್ಮೆ ಬಳಸಬಹುದು, ಆದರೆ ಕಷ್ಟವಾದ ಒಂದು ಪಾಠವನ್ನು ಪೂರ್ತಿ ತೋರಿಸಿದ ಮೇಲೆ ಮಾತ್ರ.

ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ರೂಢಿಯ ಲೆಕ್ಕ ಇಲ್ಲಿ ಕೈಕೊಡುತ್ತದೆ. ಮೂರು ನಿಮಿಷದ ಹಾಡು ಹಾಳೆಯ ಮೇಲೆ ಅರ್ಧ ಪುಟವನ್ನಷ್ಟೇ ಹಿಡಿಯಬಹುದಾದ್ದರಿಂದ, ಪ್ರತಿ ಹಾಡಿನ ಪಕ್ಕದಲ್ಲಿ ಅದರ ಅವಧಿಯನ್ನು ಬರೆದಿಡಿ. ನುಡಿಸಬಲ್ಲ ಮಕ್ಕಳನ್ನೇ ಆರಿಸಬೇಕೆಂಬ ಟಿಪ್ಪಣಿಯನ್ನೂ ನಿರ್ದೇಶಕರಿಗೆ ಸೇರಿಸಿ. ‘ಸ್ಕೂಲ್ ಆಫ್ ರಾಕ್’ನ ವಾದ್ಯತಂಡದ ಮಕ್ಕಳು ತಮ್ಮ ವಾದ್ಯಗಳನ್ನು ತಾವೇ ನುಡಿಸಬಲ್ಲವರಾಗಿದ್ದರು, ಹೀಗಾಗಿ ಕ್ಯಾಮೆರಾ ಅವರ ಬೆರಳುಗಳಿಂದ ಮುಖ ತಿರುಗಿಸಬೇಕಾಗಿರಲಿಲ್ಲ.

ವಿರೋಧಿಯ ಪಾತ್ರಕ್ಕೆ ನ್ಯಾಯವಾದ ಕಾರಣವೊಂದಿರಲಿ. ‘ಸಿಸ್ಟರ್ ಆ್ಯಕ್ಟ್ 2’ರಲ್ಲಿ ಲಾರಿನ್ ಹಿಲ್ ಅವರ ಪಾತ್ರದ ತಾಯಿ ಮಗಳ ಹಾಡಿಗೆ ಅಡ್ಡಬರುವುದು ಕೇಡು ಬಯಸಿ ಅಲ್ಲ, ಹಾಡನ್ನು ನಂಬಿ ಮಗಳ ಬದುಕು ಕೆಟ್ಟೀತೆಂಬ ಭಯದಿಂದ. ಕೊನೆಯ ಸ್ಪರ್ಧೆಯಲ್ಲಿ ತಂಡ ಗೆಲ್ಲಬೇಕೇ ಸೋಲಬೇಕೇ ಎಂಬುದು ಎರಡನೆಯ ಮಾತು. ಆ ಚಿತ್ರದಲ್ಲಿ ಮಕ್ಕಳು ಗೆಲ್ಲುತ್ತಾರೆ, ‘ಸ್ಕೂಲ್ ಆಫ್ ರಾಕ್’ನಲ್ಲಿ ಬಹುಮಾನ ಬೇರೆಯವರ ಪಾಲಾಗುತ್ತದೆ, ಆದರೂ ಎರಡೂ ಕಡೆ ಪ್ರೇಕ್ಷಕರು ಸಂತೋಷದಿಂದಲೇ ಏಳುತ್ತಾರೆ.

ಹಾಡುಗಳ ಹಕ್ಕನ್ನು ಬರವಣಿಗೆಯ ಹಂತದಲ್ಲೇ ವಿಚಾರಿಸುವುದು ಒಳ್ಳೆಯದು. ರಚನೆಯ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಮಕ್ಕಳಿಂದಲೇ ಹಾಡಿಸಿದರೆ ಎರಡನೆಯದರ ಗೊಡವೆ ಇರುವುದಿಲ್ಲ, ಮೊದಲನೆಯದು ಮಾತ್ರ ಬೇಕೇ ಬೇಕು. ‘ಸಿಸ್ಟರ್ ಆ್ಯಕ್ಟ್ 2’ರ ಕೊನೆಯ ಹಾಡಿಗೆ ಆಧಾರ 1824ರಲ್ಲಿ ಮೊದಲ ಬಾರಿ ನುಡಿಸಲಾದ ಬೇಥೋವನ್‌ರ ಒಂಬತ್ತನೆಯ ಸಿಂಫನಿಯ ರಾಗ; ಅಷ್ಟು ಹಳೆಯ ರಾಗಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಅದರ ಹೊಸ ಜೋಡಣೆಯನ್ನು ಎತ್ತಿಕೊಂಡರೆ ಮಾತ್ರ ಬೇಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ‘ಸ್ಕೂಲ್ ಆಫ್ ರಾಕ್’ಗಾಗಿ ಲೆಡ್ ಜೆಪ್ಲಿನ್ ತಂಡದ ಒಂದು ಹಾಡು ಬೇಕಾದಾಗ, ಜ್ಯಾಕ್ ಬ್ಲ್ಯಾಕ್ ವೇದಿಕೆಯ ಮೇಲೆ ನಿಂತು, ಎದುರಿದ್ದ ಸಹನಟರ ಗುಂಪನ್ನೆಲ್ಲ ಕೂಗಿಸುತ್ತ, ಬೇಡಿಕೆಯ ವಿಡಿಯೊ ಮಾಡಿ ಕಳುಹಿಸಿದರು. ಅನುಮತಿ ಸಿಕ್ಕಿತು. ಆದರೆ ಅದೇ ಚಿತ್ರದ ಸ್ಪರ್ಧೆಯ ಹಾಡನ್ನು ಚಿತ್ರಕ್ಕೆಂದೇ ಹೊಸದಾಗಿ ರಚಿಸಲಾಗಿತ್ತು. ಮುಖ್ಯ ಹಾಡಿನ ಮಟ್ಟಿಗೆ ಆ ದಾರಿಯೇ ಸುರಕ್ಷಿತ: ಒಪ್ಪಿಗೆಯ ಪತ್ರ ಕೈಸೇರದ ಹಾಡಿನ ಮೇಲೆ ಕೊನೆಯ ದೃಶ್ಯವನ್ನು ಕಟ್ಟಬೇಡಿ.